ಓಟದ ವಾರಾಂತ್ಯ ಮತ್ತು ಊರಿನ ದಾರಿ

ಮಳೆಗಾಲ ಹಿಂದೆ ಸರಿದು ಕಾಫಿಯ ಹಣ್ಣು ಕೆಂಪಗಾಗತೊಡಗುವ ಹೊತ್ತಿಗೆ ಚಿಕ್ಕಮಗಳೂರಿನ ಸುತ್ತಮುತ್ತ ಇನ್ನೊಂದು ಸುಗ್ಗಿಯ ಮಾತು ಆರಂಭವಾಗುತ್ತದೆ. ಕಾಲೇಜಿನ ಜಗುಲಿಯಲ್ಲಿ, ಸೊಸೈಟಿಯ ಕಟ್ಟೆಯ ಮೇಲೆ, ಗ್ಯಾರೇಜುಗಳ ಮುಂದೆ ತರುಣರು ಗುಂಪುಗೂಡಿ ಮುಂಬರುವ ಮೋಟಾರು ರ‍್ಯಾಲಿಯ ಲೆಕ್ಕ ಹಾಕುತ್ತಾರೆ. ಈ ಸಲ ಯಾವ ತೋಟದ ದಾರಿ ಸಿಕ್ಕೀತು, ಯಾವ ತಿರುವಿನ ಧರೆಯ ಮೇಲೆ ನಿಂತರೆ ಕಾರು ಅಡ್ಡಡ್ಡಲಾಗಿ ಜಾರಿ ಬರುವುದು ಕಾಣುತ್ತದೆ, ಬೆಳಗಿನ ಇಬ್ಬನಿಗೆ ಮಣ್ಣು ಹಸಿಯಾಗಿದ್ದರೆ ಯಾರಿಗೆ ಅನುಕೂಲ ಎಂಬ ಚರ್ಚೆ ರಾತ್ರಿಯವರೆಗೂ ಸಾಗುತ್ತದೆ. ದೂರದ ಕಲಬುರಗಿಯ ಜಗತ್ ಬಡಾವಣೆಯಲ್ಲಿ ಕುಳಿತು ಮೊಬೈಲಿನ ಪರದೆಯ ಮೇಲೆ ಓಟ ನೋಡುವ ಬಯಲುಸೀಮೆಯ ಹುಡುಗನಿಗೂ ಮಲೆನಾಡಿನ ಈ ಕೆಮ್ಮಣ್ಣಿನ ತಿರುವುಗಳು ಕನಸಿನ ದಾರಿಗಳೇ ಆಗಿವೆ.

ಪರಿಸರದ ಕಾಳಜಿಯುಳ್ಳವರು ಈ ಉತ್ಸಾಹವನ್ನು ಹಗುರವಾಗಿ ಕಾಣುವುದು ರೂಢಿ. ಅದು ತಪ್ಪು. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳು ಚಿಕ್ಕಮಗಳೂರು ಮತ್ತು ಕೊಡಗಿನಲ್ಲಿ ಹಲವು ಬಾರಿ ನಡೆದಿವೆ. ಕಳೆದ ದಶಕದಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್‌ನ ಸುತ್ತಿಗೂ ಚಿಕ್ಕಮಗಳೂರು ಆತಿಥ್ಯ ನೀಡಿದೆ. ಆ ಚಾಂಪಿಯನ್‌ಷಿಪ್ಪನ್ನು 2013, 2016 ಮತ್ತು 2017ರಲ್ಲಿ ಗೆದ್ದ ಗೌರವ್ ಗಿಲ್ 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮೋಟಾರು ಕ್ರೀಡಾಪಟುವಾದರು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದರು. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದೇ ರ‍್ಯಾಲಿಯಲ್ಲಿ 37ನೆಯವರಾಗಿ ಗುರಿ ಮುಟ್ಟಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗವನ್ನು ಗೆದ್ದರು. ಕಾಸರಗೋಡಿನ ಮೊಗ್ರಾಲ್‌ನಿಂದ ಬಂದ ಮೂಸಾ ಶರೀಫ್ ದೇಶದ ಹೆಸರಾಂತ ಸಹಚಾಲಕರು. ಈ ಹೆಸರುಗಳನ್ನು ಹೇಳುವಾಗ ತರುಣರ ದನಿಯಲ್ಲಿ ಮೂಡುವ ಹೆಮ್ಮೆ ನಿಜವಾದದ್ದು. ಆ ಹೆಮ್ಮೆಯನ್ನು ಗೇಲಿ ಮಾಡಿ ಯಾವ ಚಳವಳಿಯೂ ತರುಣರನ್ನು ಗೆಲ್ಲಲಾರದು.

ಪ್ರಶ್ನೆ ಇರುವುದು ಬೇರೆ ಕಡೆ. ಈ ಕ್ರೀಡೆಯನ್ನು ಇಷ್ಟೊಂದು ಪ್ರೀತಿಸುವವರು ಅದನ್ನು ಪೂರ್ತಿಯಾಗಿ ಕಲಿತಿದ್ದಾರೆಯೇ ಎಂಬುದೇ ಆ ಪ್ರಶ್ನೆ.

ಫಾರ್ಮುಲಾ ಒನ್‌ನಂತಹ ಓಟ ನಡೆಯುವುದು ಗೋಡೆಯೊಳಗೆ. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ 2011ರಿಂದ 2013ರವರೆಗೆ ಮೂರು ವರ್ಷ ಆ ಓಟ ನಡೆದು ನಿಂತುಹೋಯಿತು. ಅಲ್ಲಿ ಪ್ರೇಕ್ಷಕ ಚೀಟಿ ಕೊಂಡು, ಬೇಲಿಯ ಈಚೆ ಕುಳಿತು ನೋಡಿ ಮನೆಗೆ ಮರಳುತ್ತಾನೆ. ಓಟದ ದಾರಿಯಲ್ಲಿ ಯಾರೂ ವಾಸಿಸುವುದಿಲ್ಲ. ರ‍್ಯಾಲಿಗೆ ಇಂತಹ ಗೋಡೆಯಿಲ್ಲ. ಜನ ನಡೆಯುವ, ದನ ಅಡ್ಡಾಡುವ, ಹಳ್ಳ ದಾಟುವ ದಾರಿಯೇ ಎರಡು ದಿನದ ಮಟ್ಟಿಗೆ ಓಟದ ಕಣವಾಗುತ್ತದೆ. ಆದ್ದರಿಂದಲೇ ಈ ಕ್ರೀಡೆಯ ಹಿರಿಯರು ಇದಕ್ಕೆ ಬಹಳ ಕಟ್ಟುನಿಟ್ಟಾದ ಶಿಸ್ತನ್ನು ರೂಪಿಸಿದ್ದಾರೆ.

ರ‍್ಯಾಲಿಯ ದಾರಿಯಲ್ಲಿ ಎರಡು ಬಗೆ. ಒಂದು, ಸಂಚಾರವನ್ನು ಪೂರ್ತಿಯಾಗಿ ಮುಚ್ಚಿ ಸೆಕೆಂಡಿನ ಹತ್ತನೆಯ ಒಂದು ಭಾಗದವರೆಗೂ ವೇಳೆ ಅಳೆಯುವ ವಿಶೇಷ ಹಂತ. ಇಲ್ಲಿ ಕಾರುಗಳು ಒಂದರ ಹಿಂದೊಂದು, ನಡುವೆ ಅಂತರ ಬಿಟ್ಟು ಹೊರಡುತ್ತವೆ. ಮೊದಲ ಸ್ಪರ್ಧಿ ಹೊರಡುವ ಮುನ್ನ ದಾರಿ ತೆರವಾಗಿದೆಯೇ ಎಂದು ನೋಡಲು ಶೂನ್ಯ ಸಂಖ್ಯೆಯ ಕಾರುಗಳು ಸಾಗುತ್ತವೆ. ಕೊನೆಯವನ ಹಿಂದೆ ದಾರಿ ಗುಡಿಸುವ ವಾಹನ ಬರುತ್ತದೆ. ಇನ್ನೊಂದು, ಒಂದು ಹಂತದಿಂದ ಮತ್ತೊಂದು ಹಂತಕ್ಕೆ ಸಾಗುವ ಸಂಪರ್ಕ ದಾರಿ. ಇದು ಸಾರ್ವಜನಿಕ ರಸ್ತೆ. ಇಲ್ಲಿ ಅದೇ ಕಾರು, ಅದೇ ಚಾಲಕ, ಎತ್ತಿನಗಾಡಿಗೂ ಶಾಲೆಯ ಮಕ್ಕಳಿಗೂ ದಾರಿ ಬಿಟ್ಟು, ಎಲ್ಲರಂತೆ ಸಂಚಾರ ನಿಯಮ ಪಾಲಿಸಿ ಹೋಗಬೇಕು. ಮುಂದಿನ ತಾಣವನ್ನು ನಿಗದಿತ ನಿಮಿಷಕ್ಕೇ ತಲುಪಬೇಕು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಒಂದು ನಿಮಿಷ ತಡವಾಗಿ ಬಂದವನಿಗೆ ಹತ್ತು ಸೆಕೆಂಡಿನ ದಂಡ. ಒಂದು ನಿಮಿಷ ಬೇಗ ಬಂದವನಿಗೆ ಪೂರ್ಣ ಒಂದು ನಿಮಿಷದ ದಂಡ. ವೇಗವನ್ನೇ ಉಸಿರಾಗಿಸಿಕೊಂಡ ಕ್ರೀಡೆಯೊಂದು, ಊರಿನ ರಸ್ತೆಯಲ್ಲಿ ಅವಸರ ಮಾಡಿದವನನ್ನು ತಡ ಮಾಡಿದವನಿಗಿಂತ ಆರು ಪಟ್ಟು ಹೆಚ್ಚು ಶಿಕ್ಷಿಸುತ್ತದೆ.

ಅಭಿಮಾನಿಗಳಲ್ಲಿ ಬಹುಮಂದಿ ಕಲಿತಿರುವುದು ಮೊದಲನೆಯ ದಾರಿಯ ಪಾಠವನ್ನು ಮಾತ್ರ. ಎರಡನೆಯದು ಅವರ ಕಣ್ಣಿಗೆ ಬಿದ್ದಿಲ್ಲ. ಅಲ್ಲಿ ಫೋಟೋ ತೆಗೆಯುವವರಿಲ್ಲ, ಚಪ್ಪಾಳೆಯಿಲ್ಲ. ಮಲೆನಾಡು ಇಂದು ಅನುಭವಿಸುತ್ತಿರುವ ತೊಂದರೆಯ ಬಹುಪಾಲು ಈ ಅರ್ಧ ಕಲಿಕೆಯ ಫಲ.

ಹಂತದಲ್ಲಿ ಓಡುವ ಕಾರುಗಳು ಕೆಲವು ಹತ್ತು. ಅವನ್ನು ನೋಡಲು ಬರುವ ವಾಹನಗಳು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಬೆಳಗ್ಗೆ ಧರೆಯ ಮೇಲೆ ನಿಂತು ಓಟ ನೋಡಿದ ತರುಣ ಮಧ್ಯಾಹ್ನ ಅದೇ ಗುಂಗಿನಲ್ಲಿ ತನ್ನ ಬೈಕನ್ನೋ ಜೀಪನ್ನೋ ಏರಿ ಗಿರಿಯ ರಸ್ತೆಗೆ ಹೊರಳುತ್ತಾನೆ. ಸೈಲೆನ್ಸರ್ ಕಿತ್ತ ಬೈಕಿನ ಆರ್ಭಟ ಕಣಿವೆಯ ತುಂಬ ಮಾರ್ದನಿಸುತ್ತದೆ. ದಾರಿ ಬಿಟ್ಟು ಹುಲ್ಲುಗಾವಲಿಗೆ ಚಕ್ರ ಇಳಿಯುತ್ತದೆ. ಹಳ್ಳದ ನೀರನ್ನು ಚಿಮ್ಮಿಸಿ ಚಿತ್ರ ತೆಗೆಯಲಾಗುತ್ತದೆ. ಇಲ್ಲಿ ಶೂನ್ಯ ಸಂಖ್ಯೆಯ ಕಾರಿಲ್ಲ, ಕೆಂಪು ಬಾವುಟವಿಲ್ಲ, ದಂಡ ಹಾಕುವ ಅಧಿಕಾರಿಯಿಲ್ಲ. ರ‍್ಯಾಲಿ ವರ್ಷದಲ್ಲಿ ಒಂದು ವಾರಾಂತ್ಯದ್ದು. ಅದರ ಅನುಕರಣೆ ಉಳಿದ ಐವತ್ತೊಂದು ವಾರಾಂತ್ಯಗಳದ್ದು.

ಹುಲ್ಲುಗಾವಲಿನ ಮೇಲೆ ಚಕ್ರ ಹರಿದರೆ ಆಗುವುದೇನು ಎಂದು ಕೇಳುವವರಿಗೆ ಮಲೆನಾಡಿನ ರೈತ ಸುಲಭವಾಗಿ ಉತ್ತರಿಸಬಲ್ಲ. ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯನ್ನೂ ಬಾಬಾಬುಡನ್‌ಗಿರಿಯನ್ನೂ ಹೊತ್ತ ಚಂದ್ರದ್ರೋಣ ಶ್ರೇಣಿಯ ನೆತ್ತಿಯಲ್ಲಿರುವುದು ಶೋಲಾ ಕಾಡು ಮತ್ತು ಹುಲ್ಲು. ಆ ಹುಲ್ಲಿನ ಬೇರು ಮಳೆಯ ನೀರನ್ನು ಹಿಡಿದು, ಶೋಲೆಯ ಮಡಿಲಿಗೆ ಇಳಿಸಿ, ಬೇಸಿಗೆಯವರೆಗೆ ತೊರೆಯನ್ನು ಜೀವಂತವಾಗಿಡುತ್ತದೆ. ವೇದಾ ಮತ್ತು ಅವತಿ ಹುಟ್ಟುವುದು ಇಲ್ಲಿಯೇ. ಅವೆರಡೂ ಸೇರಿ ವೇದಾವತಿಯಾಗಿ ಬಯಲುಸೀಮೆಯ ಹಿರಿಯೂರಿನ ವಾಣಿವಿಲಾಸ ಸಾಗರವನ್ನು ತುಂಬುತ್ತವೆ. ಚಕ್ರ ಹರಿದ ಕಡೆ ಮಣ್ಣು ಗಟ್ಟಿಯಾಗಿ ನೀರು ಇಂಗದು. ಎರಡು ಗಾಲಿಯ ಗೆರೆಗಳು ಮುಂದಿನ ಮಳೆಗೆ ಎರಡು ಕಾಲುವೆಗಳಾಗುತ್ತವೆ, ಕಾಲುವೆ ಕೊರಕಲಾಗುತ್ತದೆ, ಕೊರಕಲಿನ ಮಣ್ಣು ಕೆಳಗಿನ ಹಳ್ಳವನ್ನು ಸೇರುತ್ತದೆ. ಇಳಿಜಾರಿನಲ್ಲಿ ದಾರಿಯೆಂದರೆ ಅರ್ಧ ದಾರಿ, ಅರ್ಧ ಚರಂಡಿ. ಈ ಸತ್ಯವನ್ನು ಮರೆತ ವೇಗಕ್ಕೆ ಬೆಲೆ ತೆರುವವನು ಕೆಳಗಿನ ಗದ್ದೆಯವನು.

ಹೂಳಿನ ವಿಷಯದಲ್ಲಿ ಈ ಜಿಲ್ಲೆಗೆ ಪಾಠ ಹೊಸದಲ್ಲ. ಕುದುರೆಮುಖದ ಗಣಿಯಿಂದ ಭದ್ರೆಗೆ ಇಳಿಯುತ್ತಿದ್ದ ಹೂಳಿನ ವಿರುದ್ಧ ಎದ್ದ ದನಿ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2002ರ ತೀರ್ಪಿನಂತೆ 2005ರ ಡಿಸೆಂಬರ್ ಕೊನೆಗೆ ಗಣಿಗಾರಿಕೆ ನಿಂತಿತು. ಕೆಲವು ಜೀಪುಗಳ ಗಾಲಿಯ ಗುರುತನ್ನು ಆ ಬೃಹತ್ ಗಣಿಗೆ ಹೋಲಿಸುವುದು ಅತಿಶಯೋಕ್ತಿ. ಆದರೆ ಅಲ್ಲಿ ಮಣ್ಣು ಇಳಿಸುವವನ ಹೆಸರು, ವಿಳಾಸ ಗೊತ್ತಿತ್ತು; ಇಲ್ಲಿ ಅದು ಸಾವಿರ ಮಂದಿಯಲ್ಲಿ ಹಂಚಿಹೋಗಿದೆ. ಯಾರ ವಿರುದ್ಧವೂ ದಾವೆ ಹೂಡಲಾಗದ ಹಾನಿ ಇದು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲೂ 2019ರ ಆಗಸ್ಟಿನಲ್ಲಿ ಮೂಡಿಗೆರೆಯ ಕಡೆಯೂ ಗುಡ್ಡಗಳು ಜಾರಿದ್ದನ್ನು ಕಂಡವರಿಗೆ ಇಳಿಜಾರಿನ ಮೇಲಿನ ಸಣ್ಣ ಗಾಯವನ್ನೂ ಸಣ್ಣದೆಂದು ಬಿಡಲು ಮನಸ್ಸು ಒಪ್ಪದು. ಗಿರಿಯ ರಸ್ತೆಗೆ ಬರುವ ವಾಹನಗಳ ಸಂಖ್ಯೆಗೆ ಮಿತಿ ಹಾಕಿ, ಮುಂಗಡ ನೋಂದಣಿಯನ್ನು ಜಿಲ್ಲಾಡಳಿತ 2025ರಲ್ಲಿ ಕಡ್ಡಾಯಗೊಳಿಸಬೇಕಾಗಿ ಬಂದದ್ದು ಒತ್ತಡ ಯಾವ ಮಟ್ಟಕ್ಕೆ ಏರಿದೆ ಎಂಬುದಕ್ಕೆ ಸಾಕ್ಷಿ.

ಇನ್ನು ಅಧಿಕೃತ ರ‍್ಯಾಲಿಯ ಮಾತು. ಅದು ಶಿಸ್ತಿನ ಕ್ರೀಡೆಯೆಂದು ಒಪ್ಪಿದ ಮಾತ್ರಕ್ಕೆ ಪ್ರಶ್ನಾತೀತವೆಂದು ಅರ್ಥವಲ್ಲ. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಸುತ್ತು ನಡೆಯುತ್ತಿದ್ದಾಗ, ಓಟಕ್ಕಾಗಿ ಮುಚ್ಚಿದ್ದ ದಾರಿಗೆ ಒಂದು ಬೈಕು ಬಂದಿತು. ಸ್ಪರ್ಧೆಯ ಕಾರು ಅದಕ್ಕೆ ಅಪ್ಪಳಿಸಿ ಒಂದೇ ಕುಟುಂಬದ ಮೂವರು, ತಂದೆ, ತಾಯಿ ಮತ್ತು ಮಗ, ಪ್ರಾಣ ಕಳೆದುಕೊಂಡರು. ದಾರಿ ಮುಚ್ಚಿತ್ತೆಂಬುದು ಸಂಘಟಕರ ಲೆಕ್ಕ. ಆದರೆ ದಾರಿಯ ಬದಿಯಲ್ಲಿ ಬಾಳುವವರಿಗೆ ಅದು ದಿನನಿತ್ಯ ಓಡಾಡುವ ದಾರಿ. ಪಟ್ಟಿ ಕಟ್ಟಿದ ಮಾತ್ರಕ್ಕೆ ದಾರಿ ಮುಚ್ಚುವುದಿಲ್ಲ. ಅದನ್ನು ಬಳಸುವ ಕೊನೆಯ ಮನೆಗೂ ಸುದ್ದಿ ಮುಟ್ಟಿ, ಅವರು ಒಪ್ಪಿದಾಗ ಮಾತ್ರ ಮುಚ್ಚುತ್ತದೆ.

ಈ ಮಾತು ಕಾಫಿ ಸೀಮೆಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಇಲ್ಲಿ ವಿಶೇಷ ಹಂತಗಳು ಬಹುಮಟ್ಟಿಗೆ ನಡೆಯುವುದು ಖಾಸಗಿ ತೋಟಗಳ ಮಣ್ಣಿನ ದಾರಿಗಳಲ್ಲಿ. ಒಪ್ಪಿಗೆ ಕೊಡುವವನು ತೋಟದ ಮಾಲೀಕ. ಆದರೆ ಆ ದಾರಿಯಲ್ಲಿ ನಡೆಯುವವರು ಲೈನ್ ಮನೆಗಳ ಕೂಲಿಕಾರ್ಮಿಕರು, ಅವರ ಮಕ್ಕಳು, ಹಾಲು ಹಾಕಲು ಡೇರಿಗೆ ಹೋಗುವ ನೆರೆಯ ಸಣ್ಣ ಹಿಡುವಳಿದಾರರು. ಚಾಂಪಿಯನ್‌ಷಿಪ್‌ನ ಈ ಸುತ್ತು ವರ್ಷದ ಕೊನೆಯ ತಿಂಗಳುಗಳಿಗೆ ಬಿದ್ದರೆ ಅದು ಅರೇಬಿಕಾ ಕೊಯ್ಲಿನ ಕಾಲ. ಎರಡು ದಿನ ದಾರಿ ಮುಚ್ಚಿದರೆ ಆ ಎರಡು ದಿನದ ಕೂಲಿ ಯಾರು ಕೊಡುತ್ತಾರೆ? ಹೆರಿಗೆ ನೋವು, ಹಾವಿನ ಕಡಿತ ರ‍್ಯಾಲಿಯ ವೇಳಾಪಟ್ಟಿ ನೋಡಿ ಬರುವುದಿಲ್ಲ. ಅಂತಹ ಹೊತ್ತಿನಲ್ಲಿ ಓಟ ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಲೈನ್ ಮನೆಯವರಿಗೆ ತಿಳಿದಿದೆಯೇ? ಮೂಡಿಗೆರೆ, ಆಲ್ದೂರು ಭಾಗದ ತೋಟಗಳಲ್ಲಿ ಆನೆಗಳ ಸಂಚಾರವೂ ಇದೆ. 2022ರ ನವೆಂಬರಿನಲ್ಲಿ ಮೂಡಿಗೆರೆ ತಾಲ್ಲೂಕಿನ ಕುಂದೂರಿನ ಬಳಿ ಮಹಿಳೆಯೊಬ್ಬರು ಆನೆಗೆ ಬಲಿಯಾದ ಬಳಿಕ ಊರಿಗೆ ಊರೇ ಸಿಡಿದೆದ್ದದ್ದನ್ನು ಯಾರೂ ಮರೆತಿಲ್ಲ. ಎಂಜಿನ್ನಿನ ಸದ್ದಿಗೆ ಬೆದರಿ ದಿಕ್ಕು ಬದಲಿಸಿದ ಆನೆ ಯಾರ ಅಂಗಳಕ್ಕೆ ಇಳಿದೀತು ಎಂಬ ಪ್ರಶ್ನೆಯನ್ನು ಹಂತದ ನಕ್ಷೆ ಬರೆಯುವವರು ಮೊದಲೇ ಕೇಳಿಕೊಳ್ಳಬೇಕು.

ಹಾಗಾದರೆ ರ‍್ಯಾಲಿಯನ್ನೇ ನಿಷೇಧಿಸಬಾರದೇಕೆ? ಚಳವಳಿಯ ಒಳಗೇ ಈ ವಾದವಿದೆ. ಅದರ ಹಿಂದಿನ ನೋವೂ ಪ್ರಾಮಾಣಿಕವಾದದ್ದೇ. ಆದರೆ ಅದರ ಪರಿಣಾಮವನ್ನು ಯೋಚಿಸಬೇಕು. ಅಧಿಕೃತ ರ‍್ಯಾಲಿಗೆ ಅನುಮತಿ ಪತ್ರವಿದೆ, ಸಹಿ ಹಾಕಿದವರಿದ್ದಾರೆ, ವಿಮೆಯಿದೆ, ನಕ್ಷೆಯಿದೆ. ತಪ್ಪಾದರೆ ಹಿಡಿದು ಕೇಳಲು ಒಂದು ಕೈಯಿದೆ. ಅದನ್ನು ಓಡಿಸಿಬಿಟ್ಟರೆ ಉಳಿಯುವುದು ಹೊಣೆಗಾರರೇ ಇಲ್ಲದ ಜೀಪುಗಳ ದಂಡು. ಓಟದ ಆಸೆಯನ್ನು ಆಜ್ಞೆಯಿಂದ ಅಳಿಸಲಾಗದು; ಅದಕ್ಕೆ ಸರಿಯಾದ ಜಾಗ, ಸರಿಯಾದ ಕಾಲ, ಸರಿಯಾದ ಕಟ್ಟಳೆ ಕೊಡಬಹುದು.

ಎರಡು ದಿನದ ಆಟಕ್ಕೆ ಇಷ್ಟು ರಗಳೆ ಏಕೆ ಎಂದು ಕೇಳುವ ಅಭಿಮಾನಿಗಳೂ ಇದ್ದಾರೆ. ಅವರು ತಮ್ಮ ಕ್ರೀಡೆಯ ಚರಿತ್ರೆಯನ್ನೇ ಓದಬೇಕು. 1980ರ ದಶಕದಲ್ಲಿ ಯೂರೋಪಿನ ರ‍್ಯಾಲಿಗಳಲ್ಲಿ ಪ್ರೇಕ್ಷಕರು ದಾರಿಯ ನಡುವೆಯೇ ನಿಂತು, ಕಾರು ಹತ್ತಿರ ಬಂದಾಗ ಪಕ್ಕಕ್ಕೆ ಸರಿಯುವುದನ್ನೇ ಶೌರ್ಯವೆಂದು ಭಾವಿಸಿದ್ದರು. 1986ರ ಪೋರ್ಚುಗಲ್ ರ‍್ಯಾಲಿಯಲ್ಲಿ ಕಾರೊಂದು ಜನರ ಗುಂಪಿಗೆ ನುಗ್ಗಿ ಮೂವರು ಸತ್ತರು, ಮೂವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಅದೇ ವರ್ಷ ಕಾರ್ಸಿಕಾದಲ್ಲಿ ಚಾಲಕ ಮತ್ತು ಸಹಚಾಲಕ ಇಬ್ಬರೂ ಮಡಿದ ಮೇಲೆ, ‘ಗ್ರೂಪ್ ಬಿ’ ಎಂಬ ಅತಿವೇಗದ ಕಾರುಗಳ ವರ್ಗವನ್ನೇ 1987ರಿಂದ ಕೈಬಿಡಲಾಯಿತು. ಶಿಸ್ತು ತಪ್ಪಿದ ಅಭಿಮಾನ ಕೊನೆಗೆ ತನ್ನ ಪ್ರೀತಿಯ ಆಟಕ್ಕೇ ಕುತ್ತು ತರುತ್ತದೆ.

ಕಾನೂನು ಕೂಡ ಇಲ್ಲಿ ಊರಿನ ಪರವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ, ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನಗಳ ಓಟ ಅಥವಾ ವೇಗದ ಪರೀಕ್ಷೆ ನಡೆಸುವುದೂ ಅದರಲ್ಲಿ ಪಾಲ್ಗೊಳ್ಳುವುದೂ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಬಾರಿಗೆ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಅಭಯಾರಣ್ಯಗಳ ಒಳಗೆ ಪ್ರವೇಶಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಿರ್ಬಂಧವಿದೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ತಡೆ ಬಂದಾಗ ಲೋಕ ಮುಳುಗೀತೆಂದು ಹೇಳಿದವರಿದ್ದರು. ಲೋಕ ಮುಳುಗಲಿಲ್ಲ, ಪ್ರಾಣಿಗಳಿಗೆ ರಾತ್ರಿ ಮರಳಿ ಸಿಕ್ಕಿತು. ದಾರಿಗೂ ಹೊತ್ತುಗೊತ್ತು ಇರಬೇಕೆಂಬ ತತ್ವವನ್ನು ಈ ರಾಜ್ಯ ಒಮ್ಮೆ ಒಪ್ಪಿದೆ.

ಆದ್ದರಿಂದ ಮುಂಬರುವ ವಾರಾಂತ್ಯಕ್ಕೆ ಮುನ್ನ ಮಲೆನಾಡಿನ ಗ್ರಾಮಗಳು ಕೆಲವು ಷರತ್ತುಗಳನ್ನು ಮುಂದಿಡುವುದು ನ್ಯಾಯ. ಹಂತದ ನಕ್ಷೆ ಮತ್ತು ದಾರಿ ಮುಚ್ಚುವ ವೇಳೆ ಕನ್ನಡದಲ್ಲಿ ಮುದ್ರಿತವಾಗಿ, ವಾರಗಳ ಮೊದಲೇ ಗ್ರಾಮಸಭೆಯ ಮುಂದೆ ಬರಬೇಕು. ಲೈನ್ ಮನೆಗಳಲ್ಲಿ ಅದನ್ನು ಓದಿ ಹೇಳಬೇಕು. ಕೆಲಸ ತಪ್ಪಿದ ಕಾರ್ಮಿಕರಿಗೆ ದಿನದ ಕೂಲಿ ಸಿಗಬೇಕು. ತುರ್ತು ಸಂದರ್ಭದಲ್ಲಿ ಓಟ ನಿಲ್ಲಿಸಿ ದಾರಿ ಬಿಡುವ ಅಧಿಕಾರ ಪ್ರತಿ ಹಂತದಲ್ಲೂ ಹೆಸರು ಸಹಿತ ಒಬ್ಬರಿಗೆ ಇರಬೇಕು. ಕಾಡಿನ ಅಂಚು, ಆನೆ ದಾರಿ, ಹಳ್ಳದ ಪಾತ್ರ ಹಂತದಿಂದ ಹೊರಗಿರಬೇಕು; ಕತ್ತಲಾದ ಮೇಲೆ ಓಟ ಕೂಡದು. ಓಟ ಮುಗಿದ ವಾರದೊಳಗೆ ಕೊರೆದ ತಿರುವುಗಳಿಗೆ ಮಣ್ಣು ತುಂಬಿ, ಅಡ್ಡಗಾಲುವೆಗಳನ್ನು ತೆರೆದು, ದಾರಿಯನ್ನು ಮೊದಲಿನಂತೆ ಒಪ್ಪಿಸಬೇಕು. ಅದಕ್ಕೆ ಮುಂಗಡವಾಗಿ ಠೇವಣಿ ಇಡಬೇಕು. ಪ್ರೇಕ್ಷಕರ ವಾಹನಗಳು ಮುಖ್ಯರಸ್ತೆಯ ಬಳಿಯೇ ನಿಲ್ಲಬೇಕು. ಅಲ್ಲಿಂದ ಮುಂದೆ ಕಾಲ್ನಡಿಗೆ.

ಕೊನೆಯ ಷರತ್ತು ಅಭಿಮಾನಿಗಳಿಗೆ, ಅದರಲ್ಲೂ ಇಲ್ಲಿನ ಕಾಲೇಜುಗಳ ವಿದ್ಯಾರ್ಥಿಗಳಿಗೆ. ರ‍್ಯಾಲಿಗೆ ಪ್ರತಿ ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲುವ ಮಾರ್ಷಲ್‌ಗಳು ಬೇಕು. ಧರೆಯ ಮೇಲೆ ನಿಂತು ಕೇಕೆ ಹಾಕುವ ಹುಡುಗ ಹುಡುಗಿಯರು ತರಬೇತಿ ಪಡೆದು ಆ ಬಾವುಟವನ್ನು ಕೈಗೆ ತೆಗೆದುಕೊಳ್ಳಲಿ. ಯಾವ ಮನೆಯ ಅಜ್ಜಿ ಯಾವ ಹೊತ್ತಿಗೆ ಸೊಪ್ಪಿಗೆ ಹೋಗುತ್ತಾಳೆ, ಯಾರ ದನ ಯಾವ ಕಡೆಯಿಂದ ಇಳಿಯುತ್ತದೆ ಎಂಬುದು ಊರಿನ ಮಕ್ಕಳಿಗೆ ತಿಳಿದಷ್ಟು ಹೊರಗಿನ ಯಾವ ಸಂಘಟಕನಿಗೂ ತಿಳಿಯದು. ಸ್ಪರ್ಧಿಗಳ ಕಾರಿನಲ್ಲಿ ಒಂದು ಫಲಕವಿರುತ್ತದೆ. ಅಪಘಾತದಲ್ಲಿ ಗಾಯವಾಗಿದ್ದರೆ ಅದರ ಕೆಂಪು ‘ಎಸ್‌ಓಎಸ್’ ಬದಿಯನ್ನು ಹಿಂದೆ ಬರುವವರಿಗೆ ತೋರಿಸಬೇಕು. ಅದನ್ನು ಕಂಡ ಮುಂದಿನ ಸ್ಪರ್ಧಿ ಗೆಲುವಿನ ಅಂಚಿನಲ್ಲಿದ್ದರೂ ನಿಲ್ಲಲೇಬೇಕು. ಮಲೆನಾಡಿನ ಬೆಟ್ಟಗಳು, ಹೂಳು ತುಂಬಿದ ಹಳ್ಳಗಳು ಅದೇ ಕೆಂಪು ಫಲಕವನ್ನು ಹಿಡಿದು ಬಹುಕಾಲವಾಯಿತು. ಈ ಕ್ರೀಡೆಯನ್ನು ಪೂರ್ತಿಯಾಗಿ ಕಲಿತವನು ಅದನ್ನು ಕಂಡೂ ಕಾಣದಂತೆ ಸಾಗಲಾರ.

ಶನಿವಾರ, ಭಾನುವಾರ ಓಟ ನಡೆಯುತ್ತದೆ. ಗೆದ್ದವರು ಬಹುಮಾನ ಹಿಡಿದು ಹೊರಡುತ್ತಾರೆ, ಧೂಳು ಕಾಫಿ ಎಲೆಗಳ ಮೇಲೆ ಕೂರುತ್ತದೆ. ಸೋಮವಾರ ಬೆಳಗ್ಗೆ ಅದೇ ದಾರಿಯಲ್ಲಿ ಹಾಲಿನ ಕ್ಯಾನು ಹಿಡಿದವರು ಇಳಿಯುತ್ತಾರೆ, ಮಕ್ಕಳು ಶಾಲೆಗೆ ನಡೆಯುತ್ತಾರೆ, ಕೊಯ್ಲಿನವರು ಚೀಲ ಹೊತ್ತು ಹತ್ತುತ್ತಾರೆ. ಅವರ ಕಾಲಿಗೆ ಆ ದಾರಿ ಹೇಗೆ ಸಿಗುತ್ತದೆ ಎಂಬುದರಿಂದಲೇ ವಾರಾಂತ್ಯದ ಓಟವನ್ನು ಅಳೆಯಬೇಕು.